ಅಡಿಕೆಯ ಸೊಕ್ಕು, ಮೆದುಳಿನ ವಿಜ್ಞಾನ ಮತ್ತು ಅದರ ಮಿತಿ

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮೆದುಳಿನ ಬಗ್ಗೆ ಮಾತನಾಡಲು ಬಂದವರು ಅದರ ತೂಕ, ನರಕೋಶಗಳ ಸಂಖ್ಯೆ ಮುಂತಾದ ಅಂಕಿಗಳಿಂದ ಕೇಳುಗರನ್ನು ಬೆರಗುಗೊಳಿಸಿ ಮಾತು ಆರಂಭಿಸುವುದು ವಾಡಿಕೆ. ಆ ಅಂಕಿಗಳಿಗೆ ನಾನೂ ಬರುತ್ತೇನೆ. ಆದರೆ ಶಿವಮೊಗ್ಗದಲ್ಲಿ ಈ ವಿಷಯ ಎತ್ತುವವರಿಗೆ ಅದಕ್ಕಿಂತ ಹತ್ತಿರದ ದಾರಿಯೊಂದಿದೆ, ಅದು ಅಡಿಕೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆಯನ್ನು ಕಣ್ಣಳತೆಯಲ್ಲೇ ಹೇಳಬಲ್ಲವರು ಈ ಸಭೆಯಲ್ಲಿ ಹಲವರಿದ್ದೀರಿ. ಎಲೆ ಅಡಿಕೆಯ ಕವಳ ಹಾಕಿದ ಕೆಲವೇ ನಿಮಿಷಗಳಲ್ಲಿ ಮೈ ಬೆಚ್ಚಗಾಗುತ್ತದೆ, ಹಣೆಯಲ್ಲಿ ಬೆವರು ಮೂಡುತ್ತದೆ, ಎದೆಬಡಿತ ತುಸು ಏರುತ್ತದೆ. ರೂಢಿ ಇದ್ದವರಿಗೆ ಮನಸ್ಸು ಚುರುಕಾದಂತೆ ಅನ್ನಿಸಿದರೆ, ರೂಢಿ ಇಲ್ಲದವರಿಗೆ ಅಡಿಕೆ ಸೊಕ್ಕಿ ತಲೆ ತಿರುಗುತ್ತದೆ. ಹೊರಗಿನ ಒಂದು ವಸ್ತು ಮೆದುಳಿಗೆ ತಲುಪಿ ಅನುಭವವನ್ನು ಬದಲಿಸುವುದಕ್ಕೆ ಇದಕ್ಕಿಂತ ಪರಿಚಿತವಾದ ಉದಾಹರಣೆ ಮಲೆನಾಡಿನಲ್ಲಿ ಸಿಗಲಾರದು.

ಇದರಲ್ಲಿ ವಿಜ್ಞಾನಕ್ಕೆ ತಿಳಿದಿರುವುದು ಸ್ವಲ್ಪವೇನಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರೀಯ ವಸ್ತುವಿದೆ. ಅದು ರಕ್ತದಿಂದ ಮೆದುಳಿಗೆ ಸುಲಭವಾಗಿ ದಾಟಿ, ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕದ ಜಾಗದಲ್ಲಿ ತಾನೇ ಕೂತು, ಆ ರಾಸಾಯನಿಕಕ್ಕಾಗಿಯೇ ಇರುವ ಗ್ರಾಹಕಗಳನ್ನು, ಎಂದರೆ ಕೋಶದ ಮೇಲೆ ಸಂದೇಶವನ್ನು ಹಿಡಿಯುವ ಅಣುಗಳನ್ನು, ಚಾಲನೆಗೊಳಿಸುತ್ತದೆ. ಎಲೆಗೆ ಹಚ್ಚುವ ಸುಣ್ಣಕ್ಕೂ ಇಲ್ಲಿ ಕೆಲಸವಿದೆ. ಸುಣ್ಣದ ಸಂಪರ್ಕದಲ್ಲಿ ಅರೆಕೋಲಿನ್‌ನ ಒಂದು ಭಾಗ ಅರೆಕೈಡಿನ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಅದು ಮೆದುಳಿನ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ಮತ್ತೊಂದು ಸಂದೇಶವಾಹಕಕ್ಕೆ ಸಂಬಂಧಿಸಿದ್ದು. ಅಡಿಕೆಯ ಈ ಗುಂಪಿನ ರಾಸಾಯನಿಕಗಳನ್ನು ಮಾದರಿಯಾಗಿಟ್ಟುಕೊಂಡು ಡೆನ್ಮಾರ್ಕ್‌ನ ರಸಾಯನ ವಿಜ್ಞಾನಿಗಳು ಆರಂಭಿಸಿದ ಕೆಲಸವೇ ಮುಂದೆ ಟಿಯಾಗಬಿನ್ ಎಂಬ ಮೂರ್ಛೆರೋಗದ ಔಷಧಕ್ಕೆ ದಾರಿ ಮಾಡಿತು.

ಇನ್ನೊಂದು ಕವಲು ಇದಕ್ಕಿಂತ ಕುತೂಹಲಕರವಾದುದು. ಅರೆಕೋಲಿನ್‌ನ ರಚನೆಯನ್ನು ತಿದ್ದಿ ತಯಾರಿಸಿದ ಜನೋಮೆಲಿನ್ ಎಂಬ ವಸ್ತುವನ್ನು 1990ರ ದಶಕದಲ್ಲಿ ಆಲ್‌ಜೈಮರ್ ಕಾಯಿಲೆಗೆ ಪ್ರಯೋಗಿಸಿ ನೋಡಿದರು. ನೆನಪಿನ ಶಕ್ತಿಗಾಗಿ ಕೊಟ್ಟ ಔಷಧ ರೋಗಿಗಳ ಭ್ರಮೆ, ಸಂಶಯ ಮತ್ತು ಉದ್ವೇಗಗಳನ್ನೂ ಕಡಿಮೆ ಮಾಡಿತು; ಆದರೆ ವಾಕರಿಕೆ, ವಾಂತಿ, ಬೆವರು ಹೆಚ್ಚಾಗಿ ಕೆಲಸ ಅಲ್ಲಿಗೇ ನಿಂತಿತು. ಹಲವು ವರ್ಷಗಳ ನಂತರ, ಮೆದುಳಿಗೆ ದಾಟದೆ ದೇಹದಲ್ಲಷ್ಟೇ ಉಳಿದು ಆ ಉಪದ್ರವಗಳನ್ನು ತಡೆಯುವ ಟ್ರಾಸ್ಪಿಯಂ ಎಂಬ ಮತ್ತೊಂದು ಔಷಧವನ್ನು ಅದಕ್ಕೆ ಜೋಡಿಸಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಜೋಡಿಯನ್ನು, ಇಲ್ಲದ ಧ್ವನಿ ಕೇಳಿಸುವ, ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಒಪ್ಪಿದರು. 1950ರ ದಶಕದಿಂದ ಆ ಕಾಯಿಲೆಗೆ ಬಂದ ಔಷಧಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಡೋಪಮೈನ್ ಎಂಬ ಇನ್ನೊಂದು ಸಂದೇಶವಾಹಕದ ಮೇಲೆಯೇ ಕೈಯಿಟ್ಟಿದ್ದವು; ಬೇರೆ ಬಾಗಿಲಿನಿಂದ ಒಳಹೊಕ್ಕ ಮೊದಲ ಔಷಧ ಇದು. (ಇದನ್ನು ಕೇಳಿ ಅಡಿಕೆ ಮನಸ್ಸಿಗೆ ಔಷಧವೆಂದು ಯಾರೂ ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಬೆಳೆಗಾರರಿಗೆ ಕಹಿಯಾದರೂ ಈ ಮಾತನ್ನು ನುಂಗಿಕೊಂಡು ಮುಂದೆ ಹೋಗುವುದು ಸರಿಯಲ್ಲ.)

ಈಗ ಪ್ರಶ್ನೆಯನ್ನು ಸ್ವಲ್ಪ ಬಿಗಿಗೊಳಿಸೋಣ. ಅಣುವಿನ ಹೆಸರು ಗೊತ್ತು, ಅದು ಕೂರುವ ಗ್ರಾಹಕ ಗೊತ್ತು, ಗ್ರಾಹಕ ಯಾವ ಯಾವ ಕೋಶಗಳ ಮೇಲಿದೆ ಎಂಬುದೂ ಬಹುಮಟ್ಟಿಗೆ ಗೊತ್ತು. ಆದರೆ ಆ ಗ್ರಾಹಕ ಚಾಲನೆಗೊಂಡ ಮಾತ್ರಕ್ಕೆ, ಯಾರೂ ಇಲ್ಲದ ಕೋಣೆಯಲ್ಲಿ ತನ್ನನ್ನು ಬೈಯುವ ಧ್ವನಿ ಕೇಳುತ್ತಿದ್ದ ವ್ಯಕ್ತಿಗೆ ಆ ಧ್ವನಿ ಏಕೆ ಕ್ಷೀಣಿಸುತ್ತದೆ? ಡೋಪಮೈನ್ ಬಿಡುಗಡೆಯ ಮೇಲೆ ಪರೋಕ್ಷ ಹಿಡಿತ ಸಿಗುತ್ತದೆ ಎಂಬ ವಿವರಣೆಯಿದೆ. ಅದು ತಪ್ಪೆಂದಲ್ಲ, ಆದರೆ ಡೋಪಮೈನ್‌ಗೂ ಬೈಗುಳಕ್ಕೂ ನಡುವಿನ ಹಾದಿಯನ್ನು ಅದು ಮುಟ್ಟುವುದೇ ಇಲ್ಲ. ಇವತ್ತಿನ ನನ್ನ ಮಾತಿನ ತಿರುಳು ಇಷ್ಟೇ: ಮೆದುಳನ್ನು ಬದಲಿಸುವ ನಮ್ಮ ಸಾಮರ್ಥ್ಯ ಅದನ್ನು ವಿವರಿಸುವ ಸಾಮರ್ಥ್ಯಕ್ಕಿಂತ ಯಾವಾಗಲೂ ಮುಂದೆ ಓಡಿದೆ, ಮತ್ತು ಈ ಎರಡರ ನಡುವಿನ ಅಂತರವನ್ನು ಮರೆತಾಗಲೆಲ್ಲ ವಿಜ್ಞಾನದ ಹೆಸರಿನಲ್ಲಿ ವಿಜ್ಞಾನ ಹೇಳದ ಮಾತುಗಳು ಚಲಾವಣೆಗೆ ಬಂದಿವೆ.

ಪಶ್ಚಿಮಘಟ್ಟದ ಕಾಡಿನ ನೆರಳಿನಲ್ಲಿ ಬೆಳೆಯುವ ಸರ್ಪಗಂಧದ ಕಥೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದರ ಬೇರನ್ನು ಉನ್ಮಾದಕ್ಕೂ ನಿದ್ರೆಗೂ ಕೊಡುವ ರೂಢಿ ನಮ್ಮಲ್ಲಿ ಹಳೆಯದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ಬಂಗಾಳದ ವೈದ್ಯರಿಬ್ಬರು, ಮಾನಸಿಕ ಅಸ್ವಸ್ಥತೆಗೂ ಅಧಿಕ ರಕ್ತದೊತ್ತಡಕ್ಕೂ ಅದು ಉಪಯುಕ್ತವೆಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಔಷಧ ಪ್ರಯೋಗಾಲಯವೊಂದು ಆ ಬೇರಿನಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿತು, ಕೆಲವೇ ವರ್ಷಗಳಲ್ಲಿ ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲೂ ಅದರ ಬಳಕೆ ಹಬ್ಬಿತು. ಕೊಡುತ್ತಿದ್ದವರಿಗೆ ಅದು ಮೆದುಳಿನಲ್ಲಿ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಡೋಪಮೈನ್ ತಾನೇ ಒಂದು ಸಂದೇಶವಾಹಕವೆಂಬ ತಿಳಿವಳಿಕೆ ಆಗ ಇನ್ನೂ ಹುಟ್ಟಿರಲಿಲ್ಲ.

ಆ ತಿಳಿವಳಿಕೆ ಹುಟ್ಟಿದ್ದು ರೆಸರ್ಪಿನ್‌ನಿಂದಲೇ. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು, ಕೂತಲ್ಲಿಂದ ಕದಲದೆ, ಕಣ್ಣೂ ಸರಿಯಾಗಿ ತೆರೆಯದೆ ಉಳಿದವು. ಅವುಗಳಿಗೆ ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡತೊಡಗಿದವು. ಮೆದುಳಿನಲ್ಲಿ ಡೋಪಾ ಡೋಪಮೈನ್ ಆಗುತ್ತದೆ. ರೆಸರ್ಪಿನ್ ಬರಿದು ಮಾಡಿದ್ದ ದಾಸ್ತಾನು ಮತ್ತೆ ತುಂಬಿಕೊಂಡಿತ್ತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈಕಾಲು ಬಿಗಿದುಕೊಂಡವರಿಗೆ ಡೋಪಾ ಕೊಡುವ ಚಿಕಿತ್ಸೆ ಈ ಮೊಲಗಳ ಬೆನ್ನಿಗೇ ಬಂತು, ಕಾರ್ಲ್ಸನ್‌ರಿಗೆ 2000ನೇ ಇಸವಿಯಲ್ಲಿ ನೊಬೆಲ್ ಸಂದಿತು. ನಮ್ಮ ಬೇಲಿಗಳಲ್ಲಿ ಹಬ್ಬುವ, ಸೋಕಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಡೋಪಾ ಧಾರಾಳವಾಗಿದೆ, ಅದನ್ನು 1937ರಲ್ಲೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ರಸಾಯನ ವಿಜ್ಞಾನಿಗಳು ಬೇರ್ಪಡಿಸಿದ್ದರು. ಔಷಧ ಇಪ್ಪತ್ತು ವರ್ಷ ಮೊದಲೇ ಕೈಯಲ್ಲಿತ್ತು, ಅದು ಯಾವುದಕ್ಕೆ ಔಷಧ ಎಂಬುದು ಮಾತ್ರ ತಿಳಿದಿರಲಿಲ್ಲ.

ಪಾರ್ಕಿನ್ಸನ್ ವಿಷಯದಲ್ಲಿ ಔಷಧದ ನಂತರ ಬಂದ ವಿವರಣೆ ಸರಿಹೊಂದಿತು. ಖಿನ್ನತೆಯ ವಿಷಯದಲ್ಲಿ ಅದೇ ದಾರಿ ಎಡವಿತು. ರಕ್ತದೊತ್ತಡಕ್ಕೆ ರೆಸರ್ಪಿನ್ ತೆಗೆದುಕೊಂಡ ಕೆಲವರು ಮಂಕಾದರು, ರೆಸರ್ಪಿನ್ ಸೆರಟೋನಿನ್ ಮುಂತಾದ ಸಂದೇಶವಾಹಕಗಳನ್ನು ಕಡಿಮೆ ಮಾಡುತ್ತದೆ, ಆದ್ದರಿಂದ ಖಿನ್ನತೆ ಎಂದರೆ ಇವುಗಳ ಕೊರತೆ ಎಂಬ ವಾದ 1960ರ ದಶಕದಲ್ಲಿ ಬಲವಾಯಿತು. ಸೆರಟೋನಿನ್ ಹೆಚ್ಚಿಸುವ ಮಾತ್ರೆಗಳು ಬಂದ ಮೇಲೆ ಅದು ಜನಸಾಮಾನ್ಯರ ಬಾಯಲ್ಲೂ ನೆಲೆಸಿತು. ಆದರೆ ಆ ಮಾತ್ರೆಗಳು ಸೆರಟೋನಿನ್ ಮಟ್ಟವನ್ನು ಬದಲಿಸುವುದು ಗಂಟೆಗಳಲ್ಲಿ, ರೋಗಿಗೆ ಹಗುರವೆನಿಸುವುದು ವಾರಗಳ ನಂತರ. ಕೊರತೆಯಷ್ಟೇ ಕಾರಣವಾಗಿದ್ದರೆ ಈ ವಿಳಂಬಕ್ಕೆ ಅರ್ಥವಿಲ್ಲ. ಖಿನ್ನರಲ್ಲಿ ಸೆರಟೋನಿನ್ ನಿಜವಾಗಿಯೂ ಕಡಿಮೆ ಇರುತ್ತದೆಯೇ ಎಂದು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2022ರಲ್ಲಿ ನಡೆಸಿದ ಪರಿಶೀಲನೆಯೊಂದು ಅದಕ್ಕೆ ಸ್ಥಿರವಾದ ಆಧಾರ ಸಿಗಲಿಲ್ಲವೆಂದು ತೀರ್ಮಾನಿಸಿತು. ಇಲ್ಲಿ ಎಚ್ಚರಿಕೆಯಿಂದ ಕೇಳಬೇಕು: ವಿವರಣೆ ಕುಸಿದರೆ ಔಷಧವೂ ಕುಸಿಯಿತೆಂದಲ್ಲ. ಈ ಮಾತು ಕೇಳಿಸಿಕೊಂಡು ಯಾರಾದರೂ ತಾವು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಅದು ಅಪಾಯಕರ.

ಇನ್ನು ಅಂಕಿಗಳ ಮಾತು. ಸುಮಾರು 1.3ರಿಂದ 1.4 ಕಿಲೋ ತೂಗುವ, ದೇಹದ ತೂಕದಲ್ಲಿ ಶೇಕಡಾ 2ರಷ್ಟಿದ್ದು ವಿಶ್ರಾಂತಿಯಲ್ಲಿನ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಬಳಸುವ ಈ ಅಂಗದಲ್ಲಿ 10,000 ಕೋಟಿ ನರಕೋಶಗಳಿವೆ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳುತ್ತ ಬಂದವು. ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ ಹೌಜೆಲ್ ಆ ಸಂಖ್ಯೆಯ ಮೂಲವನ್ನು ಹುಡುಕಿ ಹೊರಟಾಗ ಅದಕ್ಕೆ ಖಚಿತವಾದ ಎಣಿಕೆಯ ಆಧಾರವೇ ಸಿಗಲಿಲ್ಲ. ಅವರು ಮೆದುಳಿನ ಅಂಗಾಂಶವನ್ನು ದ್ರವವಾಗಿ ಕರಗಿಸಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸುವ ವಿಧಾನ ರೂಪಿಸಿದರು. 2009ರಲ್ಲಿ ಪ್ರಕಟವಾದ ಲೆಕ್ಕದಂತೆ ಸರಾಸರಿ 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ಹಿಂಬದಿಯ ಕಿರುಮೆದುಳಿನಲ್ಲಿದ್ದರೆ, ಯೋಚನೆ, ಭಾಷೆಗಳ ನೆಲೆಯೆಂದು ನಾವು ಕೊಂಡಾಡುವ ಹೊರಪದರದಲ್ಲಿರುವುದು ಸುಮಾರು 1,600 ಕೋಟಿ. ಮೆದುಳಿನಂಥ ಅಂಗದ ಬಿಡಿಭಾಗಗಳ ಎಣಿಕೆಯೇ ಈ ಶತಮಾನದವರೆಗೆ ಸರಿಯಾಗಿ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಎಣಿಕೆಯ ನಂತರ ನಕ್ಷೆ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿಗೆ ಇರುವುದು 302 ನರಕೋಶಗಳು. ಅವು ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಎಂಬ ಸಂಪೂರ್ಣ ನಕ್ಷೆಯನ್ನು ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಅವರ ತಂಡ 1986ರಲ್ಲಿ ಪ್ರಕಟಿಸಿತು. 2024ರಲ್ಲಿ ಹಣ್ಣುನೊಣದ ಮೆದುಳಿನ 1,39,255 ನರಕೋಶಗಳ ನಕ್ಷೆ ಸಿದ್ಧವಾಯಿತು. ಅದೇ ವರ್ಷ ಮನುಷ್ಯನ ಮೆದುಳಿನ ಹೊರಪದರದ ಕೇವಲ ಒಂದು ಘನ ಮಿಲಿಮೀಟರ್ ತುಣುಕನ್ನು ತೆಳುವಾಗಿ ಸೀಳಿ ಚಿತ್ರಿಸಿದಾಗ ಅದರಲ್ಲಿ ಸುಮಾರು 57,000 ಕೋಶಗಳೂ ನರಕೋಶಗಳು ಪರಸ್ಪರ ಕೂಡುವ 15 ಕೋಟಿಯಷ್ಟು ಸಂಧಿಗಳೂ ಕಂಡವು, ಚಿತ್ರಗಳ ಮಾಹಿತಿ 1,400 ಟೆರಾಬೈಟ್ ಆಯಿತು. ಇಡೀ ಮೆದುಳು ಇಂಥ ತುಣುಕುಗಳ ಸುಮಾರು ಹತ್ತು ಲಕ್ಷದಷ್ಟು ದೊಡ್ಡದು. ಯಂತ್ರಗಳು ಬೆಳೆದಂತೆ ಈ ಅಡ್ಡಿಯನ್ನು ಒಂದು ದಿನ ದಾಟಬಹುದು, ಅದನ್ನು ನಾನು ಮೂಲಭೂತ ಮಿತಿಯೆಂದು ಕರೆಯುವುದಿಲ್ಲ.

ನನ್ನನ್ನು ಯೋಚನೆಗೆ ಹಚ್ಚುವುದು ಆ ಪುಟ್ಟ ಹುಳು. ಅದರ ನಕ್ಷೆ ಕೈಗೆ ಬಂದು ನಾಲ್ಕು ದಶಕಗಳಾಗುತ್ತ ಬಂದರೂ, ನಕ್ಷೆಯೊಂದನ್ನೇ ನೋಡಿ ಅದು ಮುಂದಿನ ಗಳಿಗೆಯಲ್ಲಿ ಯಾವ ಕಡೆ ತಿರುಗುತ್ತದೆ ಎಂದು ಹೇಳುವುದು ಸಾಧ್ಯವಾಗಿಲ್ಲ. ನಕ್ಷೆಯಲ್ಲಿ ಕಾಣದ ರಾಸಾಯನಿಕಗಳು ಕೋಶಗಳ ನಡುವೆ ಹರಡಿಕೊಂಡು, ಅದೇ ತಂತುಗಳಿಂದ ಬೇರೆ ಬೇರೆ ಕೆಲಸ ಮಾಡಿಸುತ್ತವೆ. ಈವ್ ಮಾರ್ಡರ್ ಎಂಬ ವಿಜ್ಞಾನಿ ಏಡಿಯ ಹೊಟ್ಟೆಯನ್ನು ಆಡಿಸುವ ಸುಮಾರು 30 ನರಕೋಶಗಳ ಗುಂಪನ್ನು ತಮ್ಮ ವೃತ್ತಿಜೀವನದ ಉದ್ದಕ್ಕೂ ಅಧ್ಯಯನ ಮಾಡಿ ತೋರಿಸಿದ್ದು ಇನ್ನೂ ಸೂಕ್ಷ್ಮವಾದ ಸಂಗತಿ: ಒಂದೇ ಲಯವನ್ನು ಹಲವು ವಿಧದ ಒಳ ಹೊಂದಾಣಿಕೆಗಳಿಂದ ಪಡೆಯಬಹುದು. ಎಂದರೆ ಎರಡು ಏಡಿಗಳು ನೋಡಲು ಒಂದೇ ತರಹ ನಡೆದುಕೊಂಡರೂ ಅವುಗಳ ನರಕೋಶಗಳ ಒಳಗಿನ ಅಳತೆಗಳು ಬಹಳ ಬೇರೆಯಾಗಿರಬಹುದು. ಹಲವು ಪ್ರಾಣಿಗಳ ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ಸಿಗುವುದು ಯಾವ ಏಡಿಯೊಳಗೂ ಇಲ್ಲದ, ಕೆಲಸವನ್ನೇ ಮಾಡದ ಜಾಲವಾಗಿರಬಹುದು. ಮೂವತ್ತು ಕೋಶಗಳಲ್ಲೇ ಹೀಗಾದರೆ ಮನುಷ್ಯರ ಸರಾಸರಿ ಮೆದುಳಿನ ಬಗ್ಗೆ ಬರೆಯುವ ನಾವು ಸ್ವಲ್ಪ ತಡೆದು ಬರೆಯಬೇಕು.

ಮಾಹಿತಿಯೆಲ್ಲ ಇದ್ದೂ ತಿಳಿವಳಿಕೆ ಬಾರದಿರಬಹುದು ಎಂಬುದನ್ನು ಎರಿಕ್ ಜೋನಾಸ್ ಮತ್ತು ಕೊನ್ರಾಡ್ ಕೋರ್ಡಿಂಗ್ 2017ರಲ್ಲಿ ಚುರುಕಾದ ರೀತಿಯಲ್ಲಿ ಪರೀಕ್ಷಿಸಿದರು. ಹಳೆಯ ವಿಡಿಯೊ ಆಟಗಳ ಯಂತ್ರಗಳಲ್ಲಿದ್ದ 6502 ಎಂಬ ಚಿಪ್‌ನಲ್ಲಿ ಪುಟ್ಟ ವಿದ್ಯುತ್ ಸ್ವಿಚ್ಚುಗಳಂತಿರುವ 3,510 ಟ್ರಾನ್ಸಿಸ್ಟರ್‌ಗಳಿವೆ. ಮನುಷ್ಯರೇ ವಿನ್ಯಾಸ ಮಾಡಿದ್ದರಿಂದ ಅದರ ಕಾರ್ಯವಿಧಾನದಲ್ಲಿ ರಹಸ್ಯವೇನೂ ಇಲ್ಲ. ಕಂಪ್ಯೂಟರಿನಲ್ಲಿ ಅದರ ಪ್ರತಿರೂಪವನ್ನು ಓಡಿಸಿ, ನರವಿಜ್ಞಾನಿಗಳು ಮೆದುಳಿಗೆ ಹಚ್ಚುವ ವಿಧಾನಗಳನ್ನೇ ಅವರು ಅದಕ್ಕೆ ಹಚ್ಚಿದರು. ಒಂದೊಂದೇ ಟ್ರಾನ್ಸಿಸ್ಟರನ್ನು ಕೆಡಿಸಿ ನೋಡಿದಾಗ, ಕೆಲವನ್ನು ಕೆಡಿಸಿದರೆ ಡಾಂಕಿ ಕಾಂಗ್ ಎಂಬ ಆಟ ಮಾತ್ರ ನಿಲ್ಲುತ್ತಿತ್ತು, ಉಳಿದ ಆಟಗಳು ನಡೆಯುತ್ತಿದ್ದವು. ಹಾಗಾದರೆ ಅವು ಡಾಂಕಿ ಕಾಂಗ್‌ನ ಟ್ರಾನ್ಸಿಸ್ಟರ್‌ಗಳೇ? ಖಂಡಿತ ಅಲ್ಲ, ಅವು ಮಾಡುವ ಸಣ್ಣ ಲೆಕ್ಕಕ್ಕೂ ಆಟಕ್ಕೂ ನೇರ ಸಂಬಂಧವಿಲ್ಲ. ಮೆದುಳಿನ ಇಂಥ ಭಾಗಕ್ಕೆ ಪೆಟ್ಟು ಬಿದ್ದರೆ ಇಂಥ ಶಕ್ತಿ ಹೋಗುತ್ತದೆ, ಆದ್ದರಿಂದ ಆ ಶಕ್ತಿಯ ನೆಲೆ ಅದೇ ಎನ್ನುವ ತರ್ಕದಲ್ಲಿ ಎಲ್ಲಿ ಜಾರುವ ಸಾಧ್ಯತೆಯಿದೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಷ್ಟು ನೇರವಾಗಿ ಬೇರಾರೂ ತೋರಿಸಿಲ್ಲ. 1861ರಲ್ಲಿ ಪಾಲ್ ಬ್ರೋಕಾ ಮಾತು ಕಳೆದುಕೊಂಡ ರೋಗಿಯ ಮೆದುಳನ್ನು ಪರೀಕ್ಷಿಸಿದಂದಿನಿಂದ ಈ ತರ್ಕ ನಮಗೆ ಅಪಾರ ಉಪಕಾರ ಮಾಡಿದೆ. ಹಾಗಿದ್ದೂ ಅದು ಜಾಗವನ್ನು ತೋರಿಸುತ್ತದೆಯೇ ಹೊರತು ಕೆಲಸದ ಬಗೆಯನ್ನಲ್ಲ.

ಪತ್ರಿಕೆಗಳಲ್ಲಿ ಬರುವ ಬಣ್ಣದ ಮೆದುಳಿನ ಚಿತ್ರಗಳ ಬಗ್ಗೆಯೂ ಇದೇ ಮಾತು. ಅವನ್ನು ತೆಗೆಯುವ ಎಫ್‌ಎಂಆರ್‌ಐ ಯಂತ್ರ ಅಳೆಯುವುದು ನರಕೋಶಗಳ ಸಂದೇಶವನ್ನಲ್ಲ, ಅವು ದುಡಿದ ಮೇಲೆ ಆ ಭಾಗಕ್ಕೆ ಹೆಚ್ಚಾಗಿ ನುಗ್ಗುವ ಆಮ್ಲಜನಕಭರಿತ ರಕ್ತವನ್ನು. ಸಂದೇಶ ಹೊರಡುವುದು ಮಿಲಿಸೆಕೆಂಡುಗಳಲ್ಲಿ, ರಕ್ತ ಏರುವುದು ಸುಮಾರು ಐದು ಸೆಕೆಂಡುಗಳ ನಂತರ, ಮತ್ತು ಚಿತ್ರದ ಒಂದೊಂದು ಚುಕ್ಕೆಯಲ್ಲಿ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ರಾತ್ರಿ ಗುಡ್ಡದಾಚೆಯಿಂದ ಚಂಡೆಯ ಸದ್ದು ಕೇಳಿದರೆ ಅಲ್ಲೆಲ್ಲೋ ಯಕ್ಷಗಾನದ ಆಟ ನಡೆಯುತ್ತಿದೆಯೆಂದು ತಿಳಿಯುತ್ತದೆ, ಪ್ರಸಂಗ ಯಾವುದು, ರಂಗದ ಮೇಲೆ ಯಾರು ಏನು ಅರ್ಥ ಹೇಳುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. 2009ರಲ್ಲಿ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಈ ಯಂತ್ರದಲ್ಲಿಟ್ಟು, ಮನುಷ್ಯರ ಚಿತ್ರಗಳನ್ನು ತೋರಿಸಿ, ಅವರ ಭಾವನೆ ಏನೆಂದು ಕೇಳಿದರು. ಸಂಖ್ಯಾಶಾಸ್ತ್ರದ ಅಗತ್ಯ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದಾಗ ಸತ್ತ ಮೀನಿನ ಮೆದುಳೂ ಬೆಳಗಿತು. ಅದು ಯಂತ್ರದ ದೋಷವಲ್ಲ, ಲೆಕ್ಕದ ಅಸಡ್ಡೆ ಯಾವ ಮಟ್ಟಕ್ಕೆ ಹೋಗಬಹುದು ಎಂಬುದಕ್ಕೆ ಉದಾಹರಣೆ.

ಇಷ್ಟು ಹೇಳಿದ ಮೇಲೆ ಕೆಲವರು ಸಂತೋಷದಿಂದ ಒಂದು ತೀರ್ಮಾನಕ್ಕೆ ಹಾರುತ್ತಾರೆ: ನೋಡುವ ಕಣ್ಣು ತನ್ನನ್ನು ತಾನು ನೋಡಲಾರದು, ಹಾಗೆಯೇ ಮೆದುಳು ಮೆದುಳನ್ನು ಅರಿಯಲಾರದು, ಇದನ್ನು ನಮ್ಮವರು ಎಂದೋ ಹೇಳಿದ್ದಾರೆ. ಅರಿಯುವವನನ್ನು ಯಾವುದರಿಂದ ಅರಿಯುವುದು ಎಂದು ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಯನ್ನು ಕೇಳಿದ್ದು ನಿಜ, ಶೃಂಗೇರಿಯ ನೆರೆಯವರಾದ ನಮಗೆ ಆ ಪ್ರಶ್ನೆಯ ಗಾಂಭೀರ್ಯ ಹೊಸದಲ್ಲ. ಆದರೆ ಅದು ಮೆದುಳೆಂಬ ಅಂಗದ ಬಗ್ಗೆ ಕೇಳಿದ ಪ್ರಶ್ನೆಯಲ್ಲ. ಒಂದು ಮೆದುಳು ತನ್ನದೇ 8,600 ಕೋಟಿ ಕೋಶಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡಲಾರದು ಎಂಬುದು ಸರಿ. ವಿಜ್ಞಾನಕ್ಕೆ ಅದರ ಅಗತ್ಯವೂ ಇಲ್ಲ. ಹವಾಮಾನವನ್ನು ತಿಳಿಯಲು ಯಾರೂ ಗಾಳಿಯ ಪ್ರತಿಯೊಂದು ಅಣುವನ್ನು ಹಿಂಬಾಲಿಸುವುದಿಲ್ಲ, ಸರಿಯಾದ ಮಟ್ಟದ ನಿಯಮಗಳನ್ನು ಹುಡುಕುತ್ತಾರೆ. ಮೆದುಳಿಗೆ ಅಂಥ ಮಟ್ಟ ಯಾವುದೆಂಬುದೇ ಈಗಿನ ಕೊರತೆ. ವೇದಾಂತದ ಮಾತನ್ನು ನರವಿಜ್ಞಾನದ ಸೋಲಿಗೆ ಸಾಕ್ಷಿಯಾಗಿ ಎಳೆದು ತರುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆಂದೇ ನನ್ನ ಅಭಿಪ್ರಾಯ.

ಇನ್ನೊಂದು ತುದಿಯ ಆತುರಕ್ಕೂ ಉದಾಹರಣೆಯಿದೆ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್, ಪ್ರಜ್ಞೆಗೆ ಕಾರಣವಾದ ನರಕೋಶಗಳ ಸ್ಪಷ್ಟ ಗುರುತು 25 ವರ್ಷಗಳೊಳಗೆ ಸಿಗುತ್ತದೆಯೆಂದು ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಅವರೊಂದಿಗೆ ಪಂಥ ಕಟ್ಟಿದರು. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ವೇದಿಕೆಯ ಮೇಲೆ ಸೋಲೊಪ್ಪಿ ವೈನ್ ಬಾಟಲಿಗಳನ್ನು ಒಪ್ಪಿಸಿದರು. ಪ್ರಜ್ಞೆಯ ಎರಡು ಪ್ರಮುಖ ಸಿದ್ಧಾಂತಗಳ ಪ್ರತಿಪಾದಕರು ಒಟ್ಟಿಗೆ ಕೂತು, ಯಾವ ಫಲಿತಾಂಶ ಬಂದರೆ ಯಾರ ವಾದಕ್ಕೆ ಹಿನ್ನಡೆ ಎಂದು ಮೊದಲೇ ಬರೆದಿಟ್ಟು ನಡೆಸಿದ ಪ್ರಯೋಗದಲ್ಲೂ ಯಾವ ಸಿದ್ಧಾಂತವೂ ಪೂರ್ತಿ ಗೆಲ್ಲಲಿಲ್ಲ. ಪಂಥ ಗೆದ್ದ ಚಾಮರ್ಸ್ ಎತ್ತಿದ್ದ ಪ್ರಶ್ನೆ ಇದಕ್ಕಿಂತಲೂ ಕಠಿಣವಾದುದು: ಗುರುತು ಸಿಕ್ಕರೂ, ಆ ಕೋಶಗಳ ಚಟುವಟಿಕೆಯ ಜೊತೆಗೆ ಅನುಭವವೆಂಬುದು ಏಕೆ ಇರಬೇಕು? ಅಡಿಕೆಯ ಅಣುವನ್ನು ಎಷ್ಟು ವಿವರವಾಗಿ ಬರೆದರೂ ಸೊಕ್ಕು ಅನುಭವಕ್ಕೆ ಹೇಗಿರುತ್ತದೆ ಎಂಬುದು ಆ ಬರಹದಲ್ಲಿ ಇರುವುದಿಲ್ಲ. ಇದು ಶಾಶ್ವತ ಗಡಿಯೋ, ಪ್ರಶ್ನೆ ಕೇಳುವ ರೀತಿಯ ತೊಡಕೋ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ.

ಇದು ತತ್ತ್ವಜ್ಞಾನಿಗಳ ಚರ್ಚೆಯಷ್ಟೇ ಎಂದು ತೋರಬಹುದು. ತೀವ್ರ ನಿಗಾ ಘಟಕದಲ್ಲಿ ಅದು ಹಾಗಿರುವುದಿಲ್ಲ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಕಣ್ಣು ತೆರೆದಿದ್ದರೂ ಯಾವ ಮಾತಿಗೂ ಸ್ಪಂದಿಸದ ಯುವತಿಯೊಬ್ಬಳನ್ನು 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಊಹಿಸಿಕೊ, ನಿನ್ನ ಮನೆಯ ಕೋಣೆಗಳಲ್ಲಿ ನಡೆದಾಡುತ್ತಿರುವಂತೆ ಊಹಿಸಿಕೊ ಎಂದು ಹೇಳಿದರು. ಎರಡು ಸೂಚನೆಗಳಿಗೆ ಎರಡು ಬೇರೆ ಭಾಗಗಳು, ಆರೋಗ್ಯವಂತರಲ್ಲಿ ಕಾಣುವಂತೆಯೇ, ಎಚ್ಚೆತ್ತವು. 2024ರಲ್ಲಿ ಪ್ರಕಟವಾದ ಆರು ಕೇಂದ್ರಗಳ ಅಧ್ಯಯನದಲ್ಲಿ, ಹೊರಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ರೋಗಿಗಳ ಪೈಕಿ 60 ಜನರ ಮೆದುಳು ಇಂಥ ಸೂಚನೆಗಳನ್ನು ಪಾಲಿಸಿತು. ನಾನು ಇಂದು ದೂರಿದ ಅದೇ ಒರಟು ಯಂತ್ರವೂ, ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದ ಅಳೆಯುವ ಇಇಜಿಯೂ ಸೇರಿ ಮಾಡಿದ ಕೆಲಸ ಇದು, ಅದನ್ನೂ ಹೇಳಲೇಬೇಕು.

ಅದೇ ಅಧ್ಯಯನದ ಇನ್ನೊಂದು ಅಂಕಿ ಸುದ್ದಿಗಳಲ್ಲಿ ಅಷ್ಟಾಗಿ ಬರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಿದರೆ ಸೂಚನೆಯನ್ನು ಕಣ್ಣಿಗೆ ಕಾಣುವಂತೆ ಪಾಲಿಸುತ್ತಿದ್ದ 112 ರೋಗಿಗಳೂ ಅದರಲ್ಲಿದ್ದರು. ಅವರಿಗೆ ಪ್ರಜ್ಞೆಯಿದೆಯೇ ಎಂಬ ಬಗ್ಗೆ ಸಂಶಯವೇ ಇರಲಿಲ್ಲ. ಆದರೆ ಯಂತ್ರದ ಪರೀಕ್ಷೆಯಲ್ಲಿ ಅದನ್ನು ತೋರಿಸಿಕೊಟ್ಟವರು 43 ಜನ ಮಾತ್ರ, ಉಳಿದವರನ್ನು ಯಂತ್ರ ಗುರುತಿಸಲಿಲ್ಲ. ಹಾಗಾಗಿ ಚಿತ್ರದಲ್ಲಿ ಉತ್ತರ ಬಂದರೆ ರೋಗಿಗೆ ಅರಿವಿದೆಯೆಂದು ವೈದ್ಯರು ಮನೆಯವರಿಗೆ ಧೈರ್ಯವಾಗಿ ಹೇಳಬಹುದು. ಉತ್ತರ ಬಾರದಿದ್ದರೆ ಅರಿವಿಲ್ಲವೆಂದು ಹೇಳುವಂತಿಲ್ಲ. ಎರಡೂ ಬಗೆಯ ಯಂತ್ರಗಳಿಂದ ಪರೀಕ್ಷಿಸಿದವರಲ್ಲಿ ಅರಿವು ಪತ್ತೆಯಾದ ಪ್ರಮಾಣ ಹೆಚ್ಚಿತ್ತು. ಆದ್ದರಿಂದ ಒಂದು ಯಂತ್ರ ಸುಮ್ಮನಿದ್ದಾಗ ಇನ್ನೊಂದರಿಂದ ನೋಡಬೇಕು, ಸಾಧ್ಯವಾದರೆ ಬೇರೊಂದು ದಿನ ಮತ್ತೆ ಕೇಳಬೇಕು, ಅಲ್ಲಿಯವರೆಗೆ ರೋಗಿಯ ಮಂಚದ ಬಳಿ ಅವರಿಗೆ ಕೇಳಿಸುತ್ತಿದೆಯೆಂದೇ ಭಾವಿಸಿ ಮಾತನಾಡಬೇಕು.